ಆಂಪ್ಲಿಫೈಯರ್ ಹೊತ್ತು ಮೈಸೂರಿಗೆ ಹೋಗೋಕೆ ಮುಂಚೆ

ಮಗಾ,

“ದೊಡ್ಡಪ್ಪ, ಸೌಂಡ್ ಜೋರಾಗೇ ಇದೆ, ಆದರೆ ಹಾಡೋರು ಎಲ್ಲಿ ನಿಂತಿದ್ದಾರೆ ಅಂತಲೇ ಗೊತ್ತಾಗ್ತಿಲ್ಲ” ಅಂತ ಫೋನಿನಲ್ಲಿ ಹೇಳಿದೆಯಲ್ಲ, ಕಾಯಿಲೆಯನ್ನು ಅಷ್ಟು ಸರಿಯಾಗಿ ಹೇಳುವವರು ಕಡಿಮೆ. ನಮ್ಮ ಕಡೆ ಹೆಚ್ಚಿನವರು ‘ಬೇಸ್ ಬರ್ತಿಲ್ಲ’ ಅಂತಾರೆ, ಇಲ್ಲದಿದ್ದರೆ ‘ಒಂದು ಸೈಡಿಗೆ ಎಳೀತದೆ’ ಅಂತಾರೆ, ಅಷ್ಟು ಹೇಳಿ ಆಂಪ್ಲಿಫೈಯರನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತುತ್ತಾರೆ. ನೀನೂ ಈ ವಾರ ಕೆ.ಆರ್. ಪೇಟೆಯಿಂದ ಮೈಸೂರಿಗೆ ಹೊರಟಿದ್ದೀಯಂತೆ. ಸ್ವಲ್ಪ ತಡಿ. ಎರಡೂ ಸ್ಪೀಕರ್ ಬಾಕ್ಸಿನಲ್ಲಿ ಸದ್ದು ಬರುತ್ತಿದ್ದು ಹಾಡುಗಾರ ಮಾತ್ರ ಕಾಣೆಯಾಗಿದ್ದಾನೆ ಅಂದರೆ ಆಂಪ್ಲಿಫೈಯರಿನ ಮೇಲೆ ಅನುಮಾನ ಕಟ್ಟಕಡೆಗೆ ಬರಬೇಕು. ಶ್ರೀರಂಗಪಟ್ಟಣದಲ್ಲಿ ಅಂಗಡಿ ಇಟ್ಟುಕೊಂಡಿದ್ದಷ್ಟು ಕಾಲವೂ ನಾನು ಕಂಡದ್ದು ಅದೇ. ದೋಷ ಇರುತ್ತಿದ್ದುದು ವೈರಿನಲ್ಲಿ, ಬಾಕ್ಸ್ ಇಟ್ಟ ಜಾಗದಲ್ಲಿ, ಇಲ್ಲ ಮನೆಯ ಗೋಡೆಯಲ್ಲಿ. ಹೊತ್ತು ತರುತ್ತಿದ್ದುದು ಮಾತ್ರ ಆಂಪ್ಲಿಫೈಯರ್.

ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊ. ನಿನ್ನ ಎರಡು ಬಾಕ್ಸಿನ ನಡುವೆ ಇರುವುದು ಟಿವಿ ಸ್ಟ್ಯಾಂಡು, ಅದರ ಮೇಲೊಂದು ಗಣಪತಿ. ಅಲ್ಲಿ ಸ್ಪೀಕರ್ ಇಲ್ಲ. ಆದರೂ ಹಾಡು ಅಲ್ಲಿಂದಲೇ ಬರಬೇಕು. ಹಾಡುಗಾರನ ದನಿ ಎರಡೂ ಬಾಕ್ಸಿಗೆ ಒಂದೇ ಅಳತೆಯಲ್ಲಿ ಹೋಗಿ, ಎರಡೂ ಕಡೆಯಿಂದ ಒಂದೇ ಗಳಿಗೆಗೆ ನಿನ್ನನ್ನು ಮುಟ್ಟಿದರೆ ಮಿದುಳು ಅವನನ್ನು ನಡುವೆ ಕೂರಿಸುತ್ತದೆ. ಈ ಸ್ಟೀರಿಯೊ ಏರ್ಪಾಡಿಗೆ ದಾರಿ ಹಾಕಿದವನು ಇಂಗ್ಲೆಂಡಿನ ಇ.ಎಂ.ಐ. ಕಂಪನಿಯಲ್ಲಿದ್ದ ಅಲನ್ ಬ್ಲಮ್‌ಲೈನ್ ಎಂಬ ಎಂಜಿನಿಯರ್. ಹೆಂಡತಿ ಜೊತೆ ಸಿನಿಮಾಕ್ಕೆ ಹೋಗಿದ್ದಾಗ, ನಟ ಪರದೆಯ ಒಂದು ತುದಿಯಲ್ಲಿದ್ದರೆ ಅವನ ಮಾತು ಇನ್ನೆಲ್ಲಿಂದಲೋ ಬರುತ್ತಿತ್ತಂತೆ. ಆಳು ನಡೆದ ಕಡೆಗೆ ದನಿಯೂ ನಡೆಯುವ ಹಾಗೆ ಮಾಡುತ್ತೇನೆ ಅಂದವನು 1931ರ ಡಿಸೆಂಬರಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಸ್ಟೀರಿಯೊ ಎಲ್.ಪಿ. ತಟ್ಟೆಗಳು ಪೇಟೆಗೆ ಬಂದದ್ದು 1958ರ ಹೊತ್ತಿಗೆ. ಅದನ್ನು ನೋಡಲು ಅವನಿರಲಿಲ್ಲ. 1942ರಲ್ಲಿ ರೇಡಾರ್ ಪರೀಕ್ಷೆಗೆ ಹೋದ ವಿಮಾನ ಬಿದ್ದು ತೀರಿಹೋದ, ವಯಸ್ಸು 38.

ಈ ಏರ್ಪಾಡು ಎಷ್ಟು ನಾಜೂಕಿನದು ಅಂತ ಲೆಕ್ಕದಲ್ಲಿ ಹೇಳುತ್ತೇನೆ ಕೇಳು. ನಮ್ಮ ಊರಿನ ಸೆಕೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ಒಂದು ಅಡಿ ದಾಟಲು ಒಂದು ಮಿಲಿಸೆಕೆಂಡಿಗಿಂತ ಚೂರು ಕಡಿಮೆ. ಪಕ್ಕದಿಂದ ಬಂದ ಸದ್ದು ಈ ಕಿವಿ ಮುಟ್ಟಿ, ತಲೆ ಸುತ್ತಿಕೊಂಡು ಆ ಕಿವಿ ಮುಟ್ಟುವುದಕ್ಕೆ ಅದಕ್ಕಿಂತಲೂ ಕಡಿಮೆ, ಸುಮಾರು 0.65 ಮಿಲಿಸೆಕೆಂಡ್. ಹೆಚ್ಚಾಗಿ ಅಷ್ಟು ಸಣ್ಣ ವ್ಯತ್ಯಾಸದ ಮೇಲೆಯೇ ಸದ್ದು ಯಾವ ದಿಕ್ಕಿನದು ಅಂತ ನಾವು ತೀರ್ಮಾನ ಮಾಡುವುದು. ಹೀಗಿರುವಾಗ ಒಂದು ಬಾಕ್ಸ್ ಇನ್ನೊಂದಕ್ಕಿಂತ ಒಂದಡಿ ಹತ್ತಿರವಿದ್ದರೆ ಹಾಡುಗಾರ ಎದ್ದು ಆ ಬಾಕ್ಸಿಗೇ ಹೋಗಿ ಕೂತುಬಿಡುತ್ತಾನೆ. ಬಾಕ್ಸಿಗೆ ಎಷ್ಟು ಸಾವಿರ ಕೊಟ್ಟಿದ್ದೀಯ ಅನ್ನುವುದು ಅವನಿಗೆ ಬೇಕಾಗಿಲ್ಲ.

ಇನ್ನು ಪರೀಕ್ಷೆ. ಪರೀಕ್ಷೆಗೆ ಡಿಜೆ ಹಾಡು ಹಾಕಬೇಡ. ಒಂದು ದನಿ, ಎರಡು ಮೂರು ವಾದ್ಯ ಇರುವ ಭಾವಗೀತೆ ಹಾಕು. 1978ರಲ್ಲಿ ‘ನಿತ್ಯೋತ್ಸವ’ ಅನ್ನುವ ಭಾವಗೀತೆಯ ಕ್ಯಾಸೆಟ್ ಬಂದಮೇಲೆ ಅಂಥ ಕ್ಯಾಸೆಟ್ ಇಲ್ಲದ ಮನೆಯೇ ಇಲ್ಲ ಅನ್ನುವ ಹಾಗಾಯಿತು; ನಿಮ್ಮ ತಾಲ್ಲೂಕಿನವರೇ ಆದ ಕಿಕ್ಕೇರಿಯ ಕವಿ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ಯ ಹಾಡುಗಳಂತೂ ಎಲ್ಲರ ಫೋನಿನಲ್ಲೂ ಇವೆ. ಅದರ ಜೊತೆಗೆ ಒಂದು ಹಳೇ ಮೊನೊ ಹಾಡು ಬೇಕೇಬೇಕು. ಕಪ್ಪು-ಬಿಳುಪು ಕಾಲದ ಯಾವುದಾದರೂ ಸಿನಿಮಾ ಹಾಡು, ಇಲ್ಲ ಪಿ. ಕಾಳಿಂಗರಾಯರ ಹಳೇ ತಟ್ಟೆಯ ಹಾಡು. ಮೊನೊ ಅಂದರೆ ಎರಡೂ ಬಾಕ್ಸಿಗೆ ಹೋಗುವುದು ಒಂದೇ ಸರಕು. ಹಾಗಾಗಿ ಹಾಡುಗಾರ, ತಬಲ, ಪಿಟೀಲು ಎಲ್ಲ ನಡುವಿನ ಒಂದೇ ಜಾಗದಲ್ಲಿ ಕೂಡಿಕೊಂಡು ಕೇಳಬೇಕು. ಕೇಳಿದರೆ ನಿನ್ನ ಸಿಸ್ಟಮ್ ನೆಟ್ಟಗಿದೆ, ತಪ್ಪು ರೆಕಾರ್ಡಿಂಗಿನದು. ಮೊನೊ ಹಾಡೂ ಕೋಣೆ ತುಂಬ ಹರಡಿಕೊಂಡು, ನಡುವೆ ಏನೂ ಇಲ್ಲದೆ, ತಲೆಯೊಳಗೆ ಏನೋ ಒತ್ತಿದ ಹಾಗೆ ಆದರೆ ದೋಷ ಮನೆಯಲ್ಲೇ ಇದೆ, ಅದೂ ಹೆಚ್ಚುಪಾಲು ವೈರಿನಲ್ಲಿ. ಹೊಸ ಸಿಸ್ಟಮ್ ಪರೀಕ್ಷೆಗೆ ಹಳೇ ಹಾಡಿನಷ್ಟು ಒಳ್ಳೆಯ ಸಲಕರಣೆ ಇಲ್ಲ. ಅದಕ್ಕೆ ದುಡ್ಡೂ ಕೊಡಬೇಕಾಗಿಲ್ಲ.

ಹಳೆಯದರಲ್ಲಿ ಸ್ಟೀರಿಯೊ ಹುಡುಕುತ್ತಾ ಕೂರಬೇಡ ಅಂತಲೂ ಇದರ ಜೊತೆಗೇ ಹೇಳುತ್ತೇನೆ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಶುರುಮಾಡಿದರಲ್ಲ, ಅಲ್ಲಿಂದ ಹಿಡಿದು ನಾವು ಮೀಡಿಯಂ ವೇವಿನಲ್ಲಿ ಕೇಳಿದ್ದೆಲ್ಲ ಮೊನೊ. ಎಫ್.ಎಂ. ರೇಡಿಯೊದಲ್ಲಿ ಸ್ಟೀರಿಯೊ ಉಂಟು, ಆದರೆ ಸ್ಟೇಷನ್ ದೂರವಾಗಿ ಸಿಗ್ನಲ್ ಸೊರಗಿತೋ, ಎಷ್ಟೋ ಸೆಟ್ಟುಗಳು ತಾವೇ ಮೊನೊಗೆ ಇಳಿಯುತ್ತವೆ, ಸ್ಟೀರಿಯೊದಲ್ಲಿ ಗೊರಗೊರ ಜಾಸ್ತಿ ಅಂತ. ಹಾಗಾಗಿ ಶ್ರೀರಂಗಪಟ್ಟಣದಲ್ಲಿ ಚೆನ್ನಾಗಿ ಹಿಡಿಯುವ ಮೈಸೂರಿನ ಸ್ಟೇಷನ್ ನಾಗಮಂಗಲದ ಆಚೆ ಚಪ್ಪಟೆಯಾಗಿ ಕೇಳಿದರೆ ಬಾಕ್ಸನ್ನು ಬೈಯಬಾರದು. ಇಂಗ್ಲಿಷ್ ಹಾಡಿನ ಹುಚ್ಚೂ ಇದೆಯಲ್ಲ ನಿನಗೆ, ಬೀಟಲ್ಸ್ ತಂಡದವರ ಮೊದಮೊದಲ ಸ್ಟೀರಿಯೊ ತಟ್ಟೆಗಳಲ್ಲಿ ದನಿ ಪೂರಾ ಒಂದು ಕಡೆ, ವಾದ್ಯ ಇನ್ನೊಂದು ಕಡೆ. ಅದು ಆ ಕಾಲದ ರೆಕಾರ್ಡಿಂಗಿನ ರೀತಿ. ರಿಪೇರಿ ಮಾಡುವಂಥದ್ದಲ್ಲ.

ಫೋನಿನಿಂದ ಹಾಡು ಹಾಕುತ್ತೀಯಾದರೆ ಒಂದು ನಿಮಿಷ ಅದರ ಸೆಟ್ಟಿಂಗ್ಸ್ ನೋಡು. ಆಕ್ಸೆಸಿಬಿಲಿಟಿ ಅನ್ನುವ ಕಡೆ ‘ಮೊನೊ ಆಡಿಯೊ’ ಅಂತ ಒಂದು ಸ್ವಿಚ್, ಅದರ ಪಕ್ಕದಲ್ಲೇ ಎಡ-ಬಲದ ಬ್ಯಾಲೆನ್ಸ್ ಗೆರೆ ಇರುತ್ತದೆ. ಒಂದು ಕಿವಿ ಕೇಳದವರಿಗೆ ಎರಡೂ ಕಡೆಯದು ಒಂದೇ ಕಿವಿಗೆ ಸಿಗಲಿ ಅಂತ ಮಾಡಿರುವ ಅನುಕೂಲ ಅದು. ಮಕ್ಕಳ ಕೈಗೆ ಫೋನ್ ಹೋಗಿ ಬಂದಮೇಲೆ ಯಾವುದು ಆನ್ ಆಗಿರುತ್ತದೋ ಯಾರು ಬಲ್ಲರು.

ಈಗ ವೈರಿನ ವಿಚಾರ. ಇಲ್ಲಿ ಅವಸರ ಮಾಡಬೇಡ.

ಸ್ಪೀಕರಿನ ಹಿಂದೆ ಎರಡು ಟರ್ಮಿನಲ್, ಒಂದು ಕೆಂಪು, ಒಂದು ಕಪ್ಪು. ಆಂಪ್ಲಿಫೈಯರಿನ ಹಿಂದೆಯೂ ಹಾಗೆಯೇ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಬೇಕು, ಎರಡೂ ಬಾಕ್ಸಿಗೆ. ಒಂದು ಬಾಕ್ಸಿನಲ್ಲಿ ಮಾತ್ರ ಅದಲುಬದಲಾದರೆ ಸದ್ದೇನೂ ನಿಲ್ಲುವುದಿಲ್ಲ, ಹೊಗೆಯೂ ಬರುವುದಿಲ್ಲ. ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಆಗುವುದೇನು ಅಂದರೆ, ಒಂದು ಊಫರಿನ, ಅಂದರೆ ತಗ್ಗಿನ ಸ್ವರದ ದೊಡ್ಡ ಸ್ಪೀಕರಿನ, ಕೋನು ಮುಂದಕ್ಕೆ ಬಂದಾಗ ಇನ್ನೊಂದರ ಕೋನು ಹಿಂದಕ್ಕೆ ಹೋಗುತ್ತದೆ. ಜೋಡೆತ್ತಿನಲ್ಲಿ ಒಂದು ಮುಂದಕ್ಕೆ ಎಳೆದು ಇನ್ನೊಂದು ಹಿಂದಕ್ಕೆ ಜಗ್ಗಿದ ಹಾಗೆ. ತಗ್ಗಿನ ಸ್ವರದ ಅಲೆ ಉದ್ದವಾದದ್ದು, 50 ಹರ್ಟ್ಜ್ ಅಂದರೆ ಸುಮಾರು ಏಳು ಮೀಟರ್, ನಿನ್ನ ಹಾಲಿಗಿಂತ ಉದ್ದ. ಆ ಅಲೆಗಳು ಒಂದನ್ನೊಂದು ತಿಂದುಹಾಕಿ ಬೇಸ್ ಸೊರಗುತ್ತದೆ. ಮೇಲಿನ ಸ್ವರಗಳು ಚೆಲ್ಲಾಪಿಲ್ಲಿಯಾಗಿ ಹಾಡುಗಾರನಿಗೆ ನಿಲ್ಲಲು ಜಾಗವೇ ಇಲ್ಲದಂತಾಗುತ್ತದೆ. ಬೇಸ್ ಇಲ್ಲ ಅನ್ನುವುದು, ದನಿ ಎಲ್ಲಿದೆಯೋ ತಿಳಿಯದು ಅನ್ನುವುದು, ಎರಡೂ ಒಟ್ಟಿಗೆ ಬಂದರೆ ಮೊದಲು ಕೈ ಹಾಕಬೇಕಾದದ್ದು ಇಲ್ಲಿಗೇ.

ನಿನ್ನದು ಹೊಸ ಮನೆ, ಸ್ಪೀಕರ್ ವೈರನ್ನು ಗೋಡೆಯೊಳಗೆ ಪೈಪಿನಲ್ಲಿ ಹಾಕಿಸಿದ್ದೀಯ. ಎಲೆಕ್ಟ್ರಿಶಿಯನ್ ಕೈಗೆ ಸಿಕ್ಕ ಒಂದೇ ಬಣ್ಣದ ವೈರನ್ನು ನಾಲ್ಕು ಎಳೆ ಎಳೆದಿದ್ದರೆ ಯಾವುದು ಯಾವುದು ಅಂತ ಅವನಿಗೂ ನೆನಪಿರುವುದಿಲ್ಲ. ಪಾಂಡವಪುರದ ಕಡೆ ಒಂದು ಮನೆಯಲ್ಲಿ ಹೀಗೇ ಆಗಿ, ಅವರು ಬೇಸ್ ಸಾಲದು ಅಂತ ಸಬ್‌ಊಫರ್ ತಂದಿಟ್ಟಿದ್ದರು. ಎರಡು ತುದಿ ತಿರುಗಿಸಿದ ಮೇಲೆ ಸಬ್‌ಊಫರ್ ಮಂಚದ ಕೆಳಗೆ ಸೇರಿತು. ಇನ್ನು ಜಾತ್ರೆ, ಮದುವೆಗೆ ಮೈಕ್‌ಸೆಟ್ ಹಾಕುವ ಹುಡುಗರ ಕೈಯಲ್ಲಿ ಮನೆಯ ಸಿಸ್ಟಮ್ ಕೂಡಿಸಿದ್ದರಂತೂ ಕಡ್ಡಾಯವಾಗಿ ನೋಡಲೇಬೇಕು. ಅವರ ಕೆಲಸವೇ ಬೇರೆ. ಊರಿಗೆಲ್ಲ ಕೇಳಬೇಕು, ಅಷ್ಟೆ. ಈ ಮರದಲ್ಲೊಂದು ಹಾರನ್, ಆ ಕಂಬದಲ್ಲೊಂದು ಹಾರನ್ ಕಟ್ಟುವವರಿಗೆ ನಡುವೆ ಯಾರು ನಿಂತರು ಅನ್ನುವ ಪ್ರಶ್ನೆಯೇ ಬರುವುದಿಲ್ಲ.

ಪರೀಕ್ಷೆ ಸುಲಭ. ಮೊನೊ ಹಾಡು ಹಾಕಿ, ಎರಡೂ ಬಾಕ್ಸಿಗೆ ಸಮದೂರದಲ್ಲಿ ಕೂತು ಕೇಳು. ಆಂಪ್ಲಿಫೈಯರ್ ಆಫ್ ಮಾಡು. ಒಂದೇ ಒಂದು ಬಾಕ್ಸಿನ ಹಿಂದೆ ಎರಡು ವೈರನ್ನೂ ಅದಲುಬದಲು ಮಾಡು. ಆನ್ ಮಾಡಿ ಅದೇ ಹಾಡು, ಅದೇ ವಾಲ್ಯೂಮಿನಲ್ಲಿ ಕೇಳು. ಯಾವ ಜೋಡಣೆಯಲ್ಲಿ ಬೇಸ್ ತುಂಬಿಕೊಂಡು ದನಿ ನಡುವೆ ಗಟ್ಟಿಯಾಗಿ ನಿಂತಿತೋ ಅದು ಸರಿ. ಅನುಮಾನ ಉಳಿದರೆ ಎರಡೂ ಬಾಕ್ಸನ್ನು ಮುಖಾಮುಖಿ, ನಾಲ್ಕು ಬೆರಳು ಅಂತರದಲ್ಲಿ ಇಡು. ತಪ್ಪು ಜೋಡಣೆಯಾದರೆ ಬೇಸ್ ಪೂರಾ ಬತ್ತಿಹೋಗುತ್ತದೆ, ಕಿವುಡನಿಗೂ ಗೊತ್ತಾಗುವಷ್ಟು. ಆಫ್ ಮಾಡದೆ ಮಾತ್ರ ವೈರು ಮುಟ್ಟಬೇಡ. ಬಿಡಿಸಿದ ತಾಮ್ರದ ಎಳೆಗಳು ಒಂದಕ್ಕೊಂದು ತಾಗಿದರೆ ಆಂಪ್ಲಿಫೈಯರಿನ ಔಟ್‌ಪುಟ್ ಸುಟ್ಟು, ಇಲ್ಲದ ಕಾಯಿಲೆ ಬರುತ್ತದೆ.

ಗೋಡೆಯೊಳಗಿನ ಎಳೆಗಳಿಗೆ ಗುರುತು ಹಿಡಿಯಲು ಪೆನ್ಸಿಲ್ ಸೆಲ್ ಸಾಕು. ವೈರನ್ನು ಆಂಪ್ಲಿಫೈಯರಿನಿಂದ ಬಿಚ್ಚಿಕೊ, ಇದನ್ನು ಮರೆಯಬೇಡ. ಆ ತುದಿಗಳಿಗೆ 1.5 ವೋಲ್ಟಿನ ಸೆಲ್ಲನ್ನು ಒಂದು ಚಣ ತಾಗಿಸಿ ತೆಗೆ. ಮನೆಯಾಕೆಯನ್ನೋ ಮಗಳನ್ನೋ ಬಾಕ್ಸಿನ ಮುಂದೆ, ಜಾಲರಿ ತೆಗೆದು ನೋಡಲು ನಿಲ್ಲಿಸು. ‘ಟಪ್’ ಅಂತ ಸದ್ದಾಗಿ ಊಫರ್ ಕೋನು ಹೊರಕ್ಕೆ ಬಂದರೆ ಸೆಲ್ಲಿನ ಪ್ಲಸ್ ತಾಗಿದ ಎಳೆಯೇ ಕೆಂಪು. ಒಳಕ್ಕೆ ಹೋದರೆ ಇನ್ನೊಂದು. ಕೆಂಪು ಟೇಪ್ ಸುತ್ತಿಬಿಡು. ಅಂಗಡಿಯಲ್ಲಿ ಸಿಗುವ ಪಾರದರ್ಶಕ ಫ್ಲಾಟ್ ವೈರಿನಲ್ಲಿ ಒಂದು ಎಳೆ ತಾಮ್ರದ ಬಣ್ಣ, ಇನ್ನೊಂದು ಬಿಳಿ. ಕೆಲವು ವೈರಿನ ಸಿಪ್ಪೆಯ ಒಂದು ಕಡೆ ಉಬ್ಬಿದ ಗೆರೆ ಇರುತ್ತದೆ. ಉಗುರಿನಲ್ಲಿ ಸವರಿದರೆ ಸಿಗುತ್ತದೆ.

ಟರ್ಮಿನಲ್ ನೆಟ್ಟಗಿದ್ದರೂ ತಪ್ಪು ಬಾಕ್ಸಿನೊಳಗೇ ಇರಬಹುದು. ರೀಕೋನ್ ಮಾಡಿಸಿ, ಅಂದರೆ ಕೋನು ಬದಲಾಯಿಸಿ, ತಂದ ಸ್ಪೀಕರ್ ಆಗಿದ್ದರೆ ಒಳಗಿನ ಎಳೆಯನ್ನು ಕೆಲವೊಮ್ಮೆ ತಿರುವುಮುರುವು ಬೆಸೆದಿರುತ್ತಾರೆ. ಸೆಲ್ಲಿನ ಪರೀಕ್ಷೆ ಅದನ್ನೂ ಹೇಳುತ್ತದೆ.

ಇನ್ನೊಂದು ವಿಚಿತ್ರ ಕಾಯಿಲೆ ಇದೆ, ಹೇಳಿದರೆ ನಂಬುವುದಿಲ್ಲ. ತಬಲ, ಪಿಟೀಲು, ಎಕೋ ಎಲ್ಲ ಕೇಳುತ್ತವೆ, ಹಾಡುಗಾರ ಮಾತ್ರ ಮಾಯ. ಹಾಡಿನ ಬಾಲದ ಗುಂಯ್ ಇದೆ, ಹಾಡಿಲ್ಲ. ಜನ ದೆವ್ವ ಅಂದುಕೊಳ್ಳುತ್ತಾರೆ. ಫೋನಿನಿಂದ ಆಂಪ್ಲಿಫೈಯರಿಗೆ ಹೋಗುವ ಕೇಬಲಿನ ಪಿನ್ ನೋಡು, ಮೂರು ಪಟ್ಟಿ ಇವೆ. ತುದಿಯದು ಎಡಕ್ಕೆ, ನಡುವಿನದು ಬಲಕ್ಕೆ, ಬುಡದ್ದು ಎರಡಕ್ಕೂ ಸೇರಿದ ಅರ್ಥ್. ಆ ಅರ್ಥ್ ಎಳೆ ಒಳಗೆ ಕಿತ್ತುಹೋಗಿದ್ದರೆ ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸ ಮಾತ್ರ ಬಾಕ್ಸಿಗೆ ಬರುತ್ತದೆ. ಹಾಡುಗಾರ ಎರಡರಲ್ಲೂ ಸಮ ಇರುವವನು, ಸಮದಲ್ಲಿ ಸಮ ಕಳೆದರೆ ಸೊನ್ನೆ. ಕೇಬಲ್ ಬದಲಾಯಿಸು, ಮುಗಿಯಿತು. ಅಷ್ಟೇ ಸಾಮಾನ್ಯವಾದ ಇನ್ನೊಂದು ಕಾರಣ 5.1 ಆಂಪ್ಲಿಫೈಯರ್. ಬಾಕ್ಸ್ ಎರಡೇ ಕೂಡಿಸಿ ಮೆನುವಿನಲ್ಲಿ 5.1 ಅಥವಾ ಸರೌಂಡ್ ಬಿಟ್ಟಿದ್ದರೆ ಅದು ಹಾಡುಗಾರನನ್ನು ಇಲ್ಲದ ಸೆಂಟರ್ ಸ್ಪೀಕರಿಗೆ ಕಳಿಸುತ್ತಿರುತ್ತದೆ. ಸ್ಟೀರಿಯೊ ಅಂತ ಆರಿಸು. ಹಾಗೆಯೇ ‘3ಡಿ’, ‘ವೈಡ್’, ‘ಹಾಲ್’ ಅಂತೆಲ್ಲ ಗುಂಡಿ ಇದ್ದರೆ ಎಲ್ಲ ಆಫ್. ಇಂಥವು ದನಿಯನ್ನು ಅಗಲ ಮಾಡುವುದಕ್ಕೆ ಅಂತ ಇರುವ ಯುಕ್ತಿ, ಅಗಲ ಮಾಡುವ ಭರದಲ್ಲಿ ನಡುವನ್ನೇ ತೂತು ಮಾಡುತ್ತವೆ. ನನಗಂತೂ ಅವುಗಳಿಂದ ಉಪಯೋಗ ಕಂಡಿಲ್ಲ.

ಹಾಡುಗಾರ ಮಾಯವಾಗಿಲ್ಲ, ಆದರೆ ಯಾವಾಗಲೂ ಎಡಕ್ಕೇ ವಾಲುತ್ತಾನೆ ಅಂದರೆ ಹುಡುಕುವ ದಾರಿ ಬೇರೆ. ಒಂದು ಸಲಕ್ಕೆ ಒಂದೇ ಜಾಗದಲ್ಲಿ ಎಡ-ಬಲ ಬದಲಾಯಿಸಬೇಕು. ಎರಡು ಕಡೆ ಒಟ್ಟಿಗೆ ಮುಟ್ಟಿದರೆ ದಾರಿ ತಪ್ಪುತ್ತದೆ. ಮೊದಲು ಆಂಪ್ಲಿಫೈಯರಿನ ಹಿಂದೆ ಎಡ ಬಾಕ್ಸಿನ ವೈರನ್ನು ಬಲಕ್ಕೂ, ಬಲದ್ದನ್ನು ಎಡಕ್ಕೂ ಹಾಕು. ಈಗಲೂ ಅವನು ಎಡಕ್ಕೇ ವಾಲಿದರೆ ಆಂಪ್ಲಿಫೈಯರಿನದೂ ಅದರ ಹಿಂದಿನದೂ ತಪ್ಪಿಲ್ಲ, ಬಾಕ್ಸು, ಅದರ ವೈರು, ಇಲ್ಲ ಕೋಣೆ. ಬಲಕ್ಕೆ ಹಾರಿದರೆ ತಪ್ಪು ಆಂಪ್ಲಿಫೈಯರಿನಲ್ಲಿ ಅಥವಾ ಅದಕ್ಕಿಂತ ಹಿಂದೆ. ಹಾಗೆ ಹಾರಿದ್ದಾದರೆ, ಈ ವೈರನ್ನು ಮೊದಲಿನ ಹಾಗೆ ಹಾಕಿ, ಫೋನಿನಿಂದ ಅಥವಾ ಸೆಟ್‌ಟಾಪ್ ಬಾಕ್ಸಿನಿಂದ ಆಂಪ್ಲಿಫೈಯರಿಗೆ ಬರುವ ಕೆಂಪು-ಬಿಳಿ ಪಿನ್ನುಗಳನ್ನು ಅದಲುಬದಲು ಮಾಡು. ಆಗ ವಾಲುವ ದಿಕ್ಕು ಬದಲಾದರೆ ಕೇಬಲ್, ಫೋನ್ ಅಥವಾ ಸೆಟ್‌ಟಾಪ್ ಬಾಕ್ಸು. ಬದಲಾಗದಿದ್ದರೆ, ಆಗ ಮಾತ್ರ, ಆಂಪ್ಲಿಫೈಯರ್. ಇನ್ನು ಮೊದಲನೆಯದರಲ್ಲಿ ದಿಕ್ಕು ಬದಲಾಗದೆ ಅನುಮಾನ ಬಾಕ್ಸ್ ಕಡೆ ಬಂದಿದ್ದರೆ, ಎರಡೂ ಬಾಕ್ಸನ್ನು ಎತ್ತಿ ಜಾಗ ಬದಲಾಯಿಸು. ಬಾಕ್ಸಿನ ಹಿಂದೆಯೇ ದೋಷವೂ ಹೋದರೆ ಬಾಕ್ಸಿನದು. ಅದೇ ಜಾಗದಲ್ಲಿ ಉಳಿದರೆ ಗೋಡೆಯೊಳಗಿನ ವೈರನ್ನು ಒಮ್ಮೆ ನೋಡಿ, ಉಳಿದಿದ್ದನ್ನೆಲ್ಲ ಕೋಣೆಯ ಮೇಲೆ ಹಾಕು.

ಬಾಕ್ಸಿನದೇ ಅಂತ ಆದರೆ ಕಿವಿಯನ್ನು ಮೇಲಿನ ಸ್ವರದ ಸಣ್ಣ ಸ್ಪೀಕರಿನ, ಅಂದರೆ ಟ್ವೀಟರಿನ ಹತ್ತಿರ ಕೊಂಡೊಯ್ದು ಕೇಳು, ಮೆಲ್ಲಗಿನ ಸದ್ದಿನಲ್ಲಿ. ಒಂದರಲ್ಲಿ ಕಂಜಿರದ ಝಲ್ಲು ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಟ್ವೀಟರ್ ಸುಟ್ಟಿದೆ, ಇಲ್ಲವೇ ಅದರ ಕೆಪಾಸಿಟರ್ ಸೋತಿದೆ. ಹಳೇ ಬಾಕ್ಸಾದರೆ ಕೋನಿನ ಸುತ್ತಲಿನ ಫೋಮ್ ಪುಡಿಯಾಗಿರಬಹುದು. ಬದಲಾಯಿಸುವಾಗ ಎರಡೂ ಬಾಕ್ಸಿನದನ್ನು ಒಂದೇ ಮಾಡೆಲಿಗೆ ಬದಲಾಯಿಸು. ಒಂದು ಕಡೆ ಹಳೇ ಕಂಪನಿಯದು, ಇನ್ನೊಂದು ಕಡೆ ‘ಅದೇ ಥರದ್ದು ಸಾರ್’ ಅಂತ ಕೊಟ್ಟದ್ದು ಇದ್ದರೆ ಹಾಡುಗಾರ ಜೀವನಪೂರ್ತಿ ಮಬ್ಬಾಗಿಯೇ ಇರುತ್ತಾನೆ.

ಇನ್ನೊಂದು ಲಕ್ಷಣ: ವಾಲ್ಯೂಮ್ ಸಣ್ಣದಿದ್ದಾಗ ಎಡಕ್ಕೆ ವಾಲಿ, ಜೋರು ಮಾಡಿದರೆ ನಡುವೆ ಬಂದರೆ ಅದು ವಾಲ್ಯೂಮ್ ಕಂಟ್ರೋಲಿನ ಗುಣ. ಅದರೊಳಗೆ ಎಡಕ್ಕೊಂದು ಬಲಕ್ಕೊಂದು ಪಟ್ಟಿ ಇದ್ದು, ಅಗ್ಗದ್ದರಲ್ಲಿ ಶುರುವಿನ ಭಾಗ ಒಂದಕ್ಕೊಂದು ಹೊಂದುವುದಿಲ್ಲ. ಫೋನಿನ ವಾಲ್ಯೂಮ್ ಇಳಿಸಿ ಆಂಪ್ಲಿಫೈಯರಿನದನ್ನು ಏರಿಸಿಕೊ. ತಿರುಗಿಸಿದಾಗ ಕರಕರ ಅಂದರೆ ದೂಳು. ಆಫ್ ಮಾಡಿ ಹತ್ತಾರು ಸಲ ಹಿಂದಕ್ಕೆ ಮುಂದಕ್ಕೆ ತಿರುಗಿಸು, ಬ್ಯಾಲೆನ್ಸ್ ಗುಂಡಿಯನ್ನೂ. ನಾಲೆ ಬಯಲಿನ ತೇವಕ್ಕೆ ಪಿನ್ನುಗಳು ಕಿಲುಬು ಹಿಡಿಯುತ್ತವೆ, ಕಿತ್ತು ಒರೆಸಿ ಹಾಕು. ಕ್ಯಾಸೆಟ್ ಇನ್ನೂ ಹಾಕುತ್ತೀಯಾದರೆ ಹೆಡ್ಡನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸು; ಹೆಡ್ ಕೂದಲೆಳೆಯಷ್ಟು ಓರೆಯಾದರೂ ದನಿ ಮಂಕಾಗಿ ಅತ್ತಿತ್ತ ತೂಗಾಡುತ್ತದೆ.

ಇಷ್ಟೂ ಸರಿಯಿದ್ದರೆ ಉಳಿಯುವುದು ಇಟ್ಟ ಜಾಗ. ನಿನ್ನ ಮನೆಯಲ್ಲಿ ನಾನು ಕಂಡದ್ದನ್ನು ಹೇಳಿಬಿಡುತ್ತೇನೆ. ಒಂದು ಬಾಕ್ಸ್ ಶೋಕೇಸಿನ ನೆತ್ತಿಯ ಮೇಲೆ, ಇನ್ನೊಂದು ಫ್ರಿಜ್ಜಿನ ಪಕ್ಕ ನೆಲದ ಮೇಲೆ, ಸೋಫಾ ಎರಡಕ್ಕೂ ಓರೆ. ಮಗು ಕೋನಿಗೆ ಬೆರಳು ಹಾಕುತ್ತದೆ ಅಂತ ನಿನ್ನ ಹೆಂಡತಿ ಮೇಲಿಟ್ಟಿದ್ದಾಳೆ, ಅವಳ ಮಾತು ಸರಿ. ಜಾಲರಿ ಗಟ್ಟಿಯಾಗಿ ಕೂರಿಸಿ, ಎರಡನ್ನೂ ಒಂದೇ ಎತ್ತರದ ಸ್ಟೂಲಿನ ಮೇಲೆ ಇಡಿ. ನೀನು ಕೂತಾಗ ಟ್ವೀಟರ್ ನಿನ್ನ ಕಿವಿಯ ಮಟ್ಟಕ್ಕೆ ಬರಬೇಕು. ಎರಡರ ನಡುವೆ ಆರಡಿ ಇದ್ದರೆ ನೀನು ಕೂರುವುದೂ ಆರರಿಂದ ಏಳಡಿ ದೂರದಲ್ಲಿ. ಹಿಂದಿನ ಗೋಡೆಗೆ ಅಂಟಿಸಬೇಡ, ಒಂದಡಿಯಾದರೂ ಮುಂದೆ ಬರಲಿ. ಮುಖವನ್ನು ಸ್ವಲ್ಪ ನಿನ್ನ ಕಡೆ ತಿರುಗಿಸು.

ಅಳತೆಗೆ ಟೇಪಿಗಿಂತ ದಾರ ಚೆನ್ನ. ಗಾರೆಯವರು ಗೋಡೆ ಕಟ್ಟುವಾಗ ಎಳೆಯುವ ದಾರವನ್ನು ನೀನು ತಲೆ ಒರಗಿಸುವ ಜಾಗದಿಂದ ಒಂದು ಟ್ವೀಟರಿಗೆ ಎಳೆದು ಗಂಟು ಹಾಕು, ಅದನ್ನೇ ಇನ್ನೊಂದಕ್ಕೆ ಎಳೆದು ನೋಡು. ಗಂಟು ಎರಡು ಬೆರಳು ಆಚೀಚೆ ಬಂದರೂ ಬಾಕ್ಸನ್ನು ಸರಿಸು. ಇದನ್ನು ಮಾಡಿದ ಎಷ್ಟೋ ಮನೆಗಳಲ್ಲಿ ಮುಂದಿನದೇನೂ ಬೇಕಾಗಲಿಲ್ಲ.

ಗೋಡೆಗಳ ವಿಷಯ ಸ್ವಲ್ಪ ಬೇರೆ, ಅಲ್ಲಿ ಪೂರಾ ಗೆಲ್ಲುವುದಿಲ್ಲ. ಗೃಹಪ್ರವೇಶಕ್ಕೆ ಮುಂಚೆ ಖಾಲಿ ಮನೆಯಲ್ಲಿ ಚಪ್ಪಾಳೆ ತಟ್ಟಿದಾಗ ಝಣ್ ಅಂದಿತ್ತಲ್ಲ, ವಿಟ್ರಿಫೈಡ್ ಟೈಲ್ಸು, ನುಣುಪಾದ ಪುಟ್ಟಿ ಗೋಡೆ, ದೊಡ್ಡ ಗಾಜಿನ ಕಿಟಕಿ ಇರುವ ಹಾಲಿನಲ್ಲಿ ಆ ಝಣ್ ಪೂರ್ತಿ ಹೋಗಿರುವುದಿಲ್ಲ. ಬಾಕ್ಸಿನ ಸದ್ದು ನೇರವಾಗಿ ಒಮ್ಮೆ, ಪಕ್ಕದ ಗೋಡೆಗೆ ಬಡಿದು ಎರಡು ಮೂರು ಮಿಲಿಸೆಕೆಂಡ್ ತಡವಾಗಿ ಇನ್ನೊಮ್ಮೆ ಬಂದರೆ ದಿಕ್ಕು ಮಸುಕಾಗುತ್ತದೆ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಅಡುಗೆಮನೆಗೆ ಹೋಗುವ ಓಣಿ ಇದ್ದರೆ ಇನ್ನೂ ಕಷ್ಟ, ಎಡಕ್ಕೂ ಬಲಕ್ಕೂ ಬೇರೆ ಬೇರೆ ನ್ಯಾಯ. ನಾಗಮಂಗಲದಲ್ಲಿ ನಿಮ್ಮತ್ತೆಯ ತೊಟ್ಟಿಮನೆ ಇದೆ ನೋಡು, ಹೆಂಚಿನ ಮಾಡು, ಏರುಪೇರಿನ ಮಣ್ಣಿನ ಗೋಡೆ, ಮೂಟೆ, ಒರಳು, ಮಂಚ, ನಡುವೆ ಆಕಾಶ. ಅಲ್ಲಿ ಸಾಧಾರಣ ಸೆಟ್ಟಿನಲ್ಲೂ ಹಾಡು ಬಿಡಿಬಿಡಿಯಾಗಿ ಕೇಳುತ್ತದೆ. ನಿನ್ನ ಹೊಸ ಆರ್‌ಸಿಸಿ ಮನೆಯಲ್ಲಿ ಆ ಸುಖ ಸುಮ್ಮನೆ ಸಿಗುವುದಿಲ್ಲ, ಮಾಡಿಕೊಳ್ಳಬೇಕು.

ಕನ್ನಡಿಯ ಉಪಾಯ ಮಾಡು. ನೀನು ಕೂತಿರು, ಮಗಳು ಮುಖ ನೋಡುವ ಕನ್ನಡಿಯನ್ನು ಪಕ್ಕದ ಗೋಡೆಗೆ ಒತ್ತಿ ಮೆಲ್ಲಗೆ ಸರಿಸುತ್ತಾ ಹೋಗಲಿ. ಎಲ್ಲಿ ನಿನಗೆ ಕನ್ನಡಿಯಲ್ಲಿ ಬಾಕ್ಸಿನ ಟ್ವೀಟರ್ ಕಂಡಿತೋ ಸದ್ದು ಬಡಿದು ಬರುವ ಜಾಗ ಅದೇ. ಅಲ್ಲಿಗೆ ಪುಸ್ತಕದ ಬೀರು ಸರಿಸು, ಇಲ್ಲ ದಪ್ಪ ಕಂಬಳಿ ತೂಗುಹಾಕು, ಗೋಡೆಗೆ ಅಂಟಿಸದೆ ಒಂದು ಗೇಣು ಬಿಟ್ಟು. ನಿನ್ನ ಮುಂದಿನ ಬರಿ ನೆಲಕ್ಕೆ ಜಮಖಾನ ಹಾಸು. ಕಿಟಕಿಗೆ ತೆಳ್ಳಗಿನ ನೆಟ್ ಬೇಡ, ಭಾರದ ಪರದೆ. ಕಂಬಳಿ, ಪರದೆ ಹೀರುವುದು ಮೇಲಿನ ಸ್ವರವನ್ನು ಮಾತ್ರ, ಬೇಸನ್ನು ಅಲ್ಲ, ಆದರೆ ಹಾಡುಗಾರ ಎಲ್ಲಿದ್ದಾನೆ ಅನ್ನುವುದಕ್ಕೆ ಮೇಲಿನ ಸ್ವರವೇ ಹೆಚ್ಚು ಸಾಕ್ಷಿ ಹೇಳುವುದು. ಮೊಟ್ಟೆ ಟ್ರೇ ಅಂಟಿಸು ಅಂತ ಯಾರಾದರೂ ಹೇಳಿದರೆ ಕೇಳಬೇಡ, ಅದರಿಂದ ಜಿರಲೆಗೆ ಮಾತ್ರ ಅನುಕೂಲ.

ಇನ್ನೊಂದು ಮಾತು, ಇದು ನಿನಗಲ್ಲ, ನಿನ್ನಪ್ಪನಿಗೆ. ಅವನೂ ‘ಎಡಕ್ಕೆ ಎಳೀತದೆ’ ಅಂದರೆ ಸಿಸ್ಟಮ್ ಬಿಟ್ಟು ಅವನನ್ನು ಪರೀಕ್ಷೆ ಮಾಡು. ಕುರ್ಚಿಯನ್ನು ಬಾಕ್ಸಿಗೆ ಬೆನ್ನು ಮಾಡಿ ತಿರುಗಿಸಿ ಕೂರಿಸು. ಹಾಡು ಮೊದಲಿನ ಬಾಕ್ಸಿನ ಕಡೆಯೇ ಇದ್ದು, ಈಗ ಬಲಗಿವಿಗೆ ಬಂತು ಅಂದರೆ ಅವನ ಕಿವಿ ಚೆನ್ನಾಗಿದೆ. ತಿರುಗಿದ ಮೇಲೂ ಎಡಗಿವಿಯದೇ ಮೇಲುಗೈ ಅಂದರೆ ಬಲಗಿವಿ ಸೋತಿದೆ. ಗುಗ್ಗೆ ಕಟ್ಟಿರಬಹುದು, ನೆಗಡಿ ಇರಬಹುದು, ವಯಸ್ಸೂ ಇರಬಹುದು. ಹೇರ್‌ಪಿನ್ ಹಾಕಿ ಕೆದಕಲು ಬಿಡಬೇಡ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕಿವಿಯ ಪರೀಕ್ಷೆಗೇ ಅಂತ ಇರುವ ದೊಡ್ಡ ಸಂಸ್ಥೆ, ನಮ್ಮ ಕಡೆಯ ತಾಲ್ಲೂಕುಗಳಿಗೆಲ್ಲ ಬಸ್ಸಿನ ದೂರ. ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗು. ಮೈಸೂರಿಗೆ ಹೋಗಲೇಬೇಕಿದ್ದರೆ ಆ ಕೆಲಸಕ್ಕೆ ಹೋಗು.

ಎಡ-ಬಲ ಅದಲುಬದಲು ಮಾಡಿದ ಮೇಲೆ ಬೆರಳು ನಿಜವಾಗಿಯೂ ಆಂಪ್ಲಿಫೈಯರಿನ ಕಡೆಗೇ ತೋರಿಸಿತು ಅನ್ನು. ಆಗಲೂ ನೀನೇ ಬಿಚ್ಚಲು ಹೋಗಬೇಡ, ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ. ಒಂದು ಚೀಟಿ ಬರೆದು ಅದರ ನೆತ್ತಿಗೆ ಅಂಟಿಸು: ಯಾವ ಚಾನೆಲ್ ಕಡಿಮೆ, ಎಲ್ಲ ವಾಲ್ಯೂಮಿನಲ್ಲೂ ಹಾಗೆಯೋ ಸಣ್ಣದರಲ್ಲಿ ಮಾತ್ರವೋ, ಬಿಸಿಯಾದ ಮೇಲೆ ಬರುತ್ತದೋ ಆನ್ ಮಾಡಿದ ಕೂಡಲೇ ಬರುತ್ತದೋ, ಪಿನ್ ಬದಲಾಯಿಸಿದಾಗ ಏನಾಯಿತು. ‘ಸೌಂಡ್ ಸರಿಯಿಲ್ಲ’ ಅಂತ ಕೊಟ್ಟರೆ ರಿಪೇರಿಯವನು ಎರಡು ಕಡೆಯೂ ಸದ್ದು ಬರುತ್ತಿದೆಯಲ್ಲ ಅಂತ ಒರೆಸಿ ವಾಪಸ್ ಕೊಡುತ್ತಾನೆ, ಒರೆಸಿದ್ದಕ್ಕೆ ದುಡ್ಡೂ ಇಸಿದುಕೊಳ್ಳುತ್ತಾನೆ. ಚೀಟಿ ನೋಡಿದರೆ ಇವನಿಗೆ ಗೊತ್ತಿದೆ ಅಂತ ಅವನೂ ಒಂದು ಗಂಟೆ ಹೆಚ್ಚು ಕೂರುತ್ತಾನೆ. ಬಿಚ್ಚಿ ಹಾಕಿದ ಹಳೇ ಪಾರ್ಟುಗಳನ್ನು ಕೇಳಿ ಇಸ್ಕೊ. ಮತ್ತೆ ಬಸ್ಸಿನಲ್ಲಿ ಆಂಪ್ಲಿಫೈಯರನ್ನು ಮೇಲಿನ ಕ್ಯಾರಿಯರಿಗೆ ಹಾಕಬೇಡ, ತೊಡೆಯ ಮೇಲೆ ಇಟ್ಟುಕೊ.